ಕೆಸರಿಗೂ ಡಾಂಬರಿಗೂ ಒಂದೇ ಟೈರ್

ಹೊಸ ಟೈರ್ ಹಾಕಿಸುವ ಮೊದಲು ಒಂದು ತಿಂಗಳು ಡೈರಿಯಲ್ಲಿ ಕಿಲೋಮೀಟರ್ ಬರೆದಿಟ್ಟೆ. ತೋಟದ ಮನೆಯಿಂದ ಡಾಂಬರು ರಸ್ತೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಅಲ್ಲಿಂದ ಸಕಲೇಶಪುರಕ್ಕೆ 20 ಕಿ.ಮೀ. ತಿಂಗಳಲ್ಲಿ 25 ದಿನ ಹೋಗಿಬಂದರೆ ಮಣ್ಣಿನಲ್ಲಿ 125, ಡಾಂಬರಿನ ಮೇಲೆ 1,000. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರುವ 440 ಸೇರಿಸಿದರೆ ಒಟ್ಟು 1,565. ಅದರಲ್ಲಿ ಕೆಸರು ಮಣ್ಣಿನ ಪಾಲು ನೂರಕ್ಕೆ ಎಂಟು. ಅಲ್ಲಿಯವರೆಗೆ ನನ್ನದು ತೋಟದ ಗಾಡಿ ಎಂದೇ ನಂಬಿದ್ದೆ. ಲೆಕ್ಕ ನೋಡಿದರೆ ಅದು ತೋಟದಲ್ಲಿ ಮಲಗಿ ಎದ್ದು ಊರು ಸುತ್ತುವ ಗಾಡಿ.

ಗಾಡಿ ಎಲ್ಲಿ ಹೂತುಕೊಂಡಿತ್ತು ಎಂಬುದನ್ನು ನಾವು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತೇವೆ. ಏನೂ ಆಗದೆ ಪೇಟೆ ತಲುಪಿದ ಸಾವಿರ ದಿನಗಳಲ್ಲಿ ಒಂದೂ ನೆನಪಿರುವುದಿಲ್ಲ. ಟೈರ್ ಆರಿಸುವಾಗ ದಾರಿ ತಪ್ಪಿಸುವುದು ಈ ನೆನಪೇ.

ನನ್ನನ್ನು ತಪ್ಪಿಸಿತ್ತು. ಒಂದು ಜುಲೈನಲ್ಲಿ ಗದ್ದೆ ಬದುವಿನ ಪಕ್ಕ ಗಾಡಿ ಹೂತು, ಪಕ್ಕದ ತೋಟದ ಟ್ರ್ಯಾಕ್ಟರ್ ಬಂದು ಎಳೆಯುವವರೆಗೆ ಮೂರು ಗಂಟೆ ಮಳೆಯಲ್ಲಿ ನೆನೆದೆ. ಆ ಸಿಟ್ಟಿಗೆ ಮಡ್ ಟೈರ್ ಹಾಕಿಸಿದೆ, ಇಷ್ಟಿಷ್ಟು ದಪ್ಪ ಹಲ್ಲಿನದು. ತೋಟದೊಳಗೆ ರಾಜನ ಹಾಗೆ ಓಡಾಡಿದೆ, ಅದರಲ್ಲಿ ಸುಳ್ಳಿಲ್ಲ. ಮರುವರ್ಷ ಜೂನಿನ ಮೊದಲ ಮಳೆಗೆ, ಘಾಟಿಯ ಇಳಿಜಾರಿನ ತಿರುವಿನಲ್ಲಿ, ಮುಂದಿದ್ದ ಲಾರಿ ನಿಂತಿತು. ನನ್ನ ವೇಗ 40ರ ಒಳಗೇ ಇತ್ತು. ಬ್ರೇಕ್ ತುಳಿದೆ. ಎಬಿಎಸ್ ಕಾಲಡಿಯಲ್ಲಿ ಕಟಕಟ ಎಂದಿತು, ಗಾಡಿ ಮಾತ್ರ ತನ್ನ ಪಾಡಿಗೆ ಜಾರುತ್ತಲೇ ಹೋಯಿತು. ನಿಂತಾಗ ಲಾರಿಗೂ ನನ್ನ ಬಂಪರಿಗೂ ಒಂದು ಗೇಣು ಉಳಿದಿತ್ತು. ಟೈರಿನಲ್ಲಿ ದೋಷವೇನೂ ಇರಲಿಲ್ಲ. ಅದು ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಹೂತ ಗಾಡಿಗೆ ಟ್ರ್ಯಾಕ್ಟರ್ ಬರುತ್ತದೆ, ಜಾರಿದ ಗಾಡಿಗೆ ಆಂಬುಲೆನ್ಸ್ ಬರಬೇಕಾಗುತ್ತದೆ ಎಂದು ಅವತ್ತು ಗೊತ್ತಾಯಿತು. ಡೈರಿ ಬರೆಯಲು ಹಚ್ಚಿದ್ದು ಅದೇ ಗೇಣು ಜಾಗ.

ಟೈರು ನೆಲಕ್ಕೆ ತಾಗುವ ಜಾಗ ಎಷ್ಟು ಸಣ್ಣದು ಎಂಬುದನ್ನು ಮೊದಲು ನೋಡೋಣ. ಜಿಮ್ನಿಯಂಥ ಗಾಡಿಯ ತೂಕ ಸುಮಾರು 1,200 ಕಿಲೋ. ನಾಲ್ಕು ಚಕ್ರಕ್ಕೆ ಹಂಚಿದರೆ ಒಂದಕ್ಕೆ 300. ಒಳಗೆ 26 ಪಿಎಸ್‌ಐ ಗಾಳಿ ಇದೆ ಎಂದುಕೊಳ್ಳಿ. ಅಂದರೆ ಚದರ ಸೆಂಟಿಮೀಟರಿಗೆ 1.8 ಕಿಲೋ ಒತ್ತಡ. ಭಾಗಿಸಿದರೆ 165 ಚದರ ಸೆಂಟಿಮೀಟರ್ ಸಿಗುತ್ತದೆ. ಟೈರಿನ ಸ್ವಂತ ಬಿಗುವೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕ, ಆದರೂ ಬೆರಳು ಸೇರಿ ಒಂದು ಹಸ್ತದಷ್ಟು ಜಾಗ ಎನ್ನಬಹುದು. ಇಂಥ ನಾಲ್ಕು ಹಸ್ತಗಳ ಮೇಲೆ ಇಡೀ ಸಂಸಾರ ಘಾಟಿ ಇಳಿಯುತ್ತದೆ.

ಡಾಂಬರಿನ ಮೇಲೆ ಈ ಹಸ್ತಕ್ಕೆ ಬೇಕಾದದ್ದು ರಬ್ಬರು, ಆದಷ್ಟೂ ಹೆಚ್ಚು ರಬ್ಬರು. ಜಲ್ಲಿಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಮೆತ್ತಗೆ ಇಳಿದು ಹಿಡಿದುಕೊಳ್ಳುವುದು ಅದರ ಕೆಲಸ. ಮಳೆ ಬಂದಾಗ ನಡುವೆ ನೀರಿನ ಪದರ ಬರುತ್ತದೆ. ಅದನ್ನು ಟೈರಿನ ಉದ್ದ ಕಾಲುವೆಗಳು ಆಚೆ ತಳ್ಳುತ್ತವೆ. ಕೊನೆಗೆ ಉಳಿಯುವ ತೆಳು ಪಸೆಯನ್ನು ಒರೆಸುವುದು ಬ್ಲೇಡಿನಲ್ಲಿ ಗೀರಿದಂತಿರುವ ಕಿರಿದಾದ ಸೀಳುಗಳು. ಅಂಗಡಿಯವರು ಇವನ್ನು ಸೈಪ್ ಎನ್ನುತ್ತಾರೆ. ಒಂದೊಂದು ಸೀಳೂ ಒಂದೊಂದು ಅಂಚು, ವೈಪರಿನ ರಬ್ಬರ್ ಪಟ್ಟಿಯಂತೆ. ಮಡ್ ಟೈರಿನ ಒಂದು ಹಲ್ಲನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಈ ಸೀಳುಗಳು ಇರುವುದೇ ಇಲ್ಲ, ಇದ್ದರೂ ಒಂದೋ ಎರಡೋ. ಹಸ್ತದ ಅರ್ಧದಷ್ಟು ಜಾಗ ಬರೀ ಸಂದು. ಉಳಿದ ರಬ್ಬರು ಕಲ್ಲಿಗೆ ಹರಿಯಬಾರದೆಂದು ಗಟ್ಟಿ ಮಾಡಿದ್ದು. ನನ್ನ ಗಾಡಿ ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಇಷ್ಟೇ ಉತ್ತರ.

ಕೆಸರಿನಲ್ಲಿ ಕಥೆ ತಿರುಗಾಮುರುಗಾ. ಅಲ್ಲಿ ರಬ್ಬರಿಗೆ ಹಿಡಿಯಲು ಗಟ್ಟಿ ಮೈಯೇ ಇಲ್ಲ. ಹಲ್ಲು ಮಣ್ಣಿನೊಳಗೆ ಇಳಿದು, ಸಂದಿನಲ್ಲಿ ಸಿಕ್ಕಿದ ಮಣ್ಣನ್ನು ಮೆಟ್ಟಿಲಿನಂತೆ ಹಿಂದಕ್ಕೆ ಒದ್ದು ಮುಂದೆ ಹೋಗಬೇಕು. ಇನ್ನೂ ಮುಖ್ಯವಾದದ್ದು, ಮುಂದಿನ ಸುತ್ತಿಗೆ ಬರುವಷ್ಟರಲ್ಲಿ ಆ ಮಣ್ಣನ್ನು ಉದುರಿಸಿ ಹಲ್ಲು ಮತ್ತೆ ಖಾಲಿಯಾಗಬೇಕು. ಟ್ರ್ಯಾಕ್ಟರಿನ ಹಿಂದಿನ ಟೈರ್ ನೋಡಿ, ಓರೆ ಹಲ್ಲುಗಳ ನಡುವಿನ ಸಂದು ಅಂಚಿನ ಕಡೆಗೆ ಬಾಯಿ ತೆರೆದಿರುತ್ತದೆ. ಮಣ್ಣು ಜಾರಿ ಹೊರಬೀಳಲೆಂದೇ ಅದು ಹಾಗಿದೆ. ನಾಟಿ ಗದ್ದೆಗೆ ಕಟ್ಟುವ ಕಬ್ಬಿಣದ ಕೇಜ್ ವೀಲ್ ಇದರ ಕೊನೆಯ ರೂಪ. ಅದರಲ್ಲಿ ಸಂದೇ ಎಲ್ಲ, ಹಲ್ಲು ನೆಪಮಾತ್ರ. ಕೇಜ್ ವೀಲ್ ಕಟ್ಟಿಕೊಂಡು ಡಾಂಬರು ರಸ್ತೆಗೆ ಬಂದ ಟ್ರ್ಯಾಕ್ಟರ್ ಕಂಡರೆ ಊರೆಲ್ಲ ಬೈಯುತ್ತದೆ. ಮಡ್ ಟೈರ್ ಹಾಕಿದ ಗಾಡಿಯನ್ನು ಮಾತ್ರ ಮೆಚ್ಚಿ ನೋಡುತ್ತೇವೆ!

ಅಂಗಡಿಯಲ್ಲಿ ಸಿಗುವುದು ಸ್ಥೂಲವಾಗಿ ಮೂರು ಜಾತಿ. ಎಚ್‌ಟಿ ಎಂದರೆ ರಸ್ತೆ ಟೈರ್, ಎಟಿ ಎಂದರೆ ಆಲ್ ಟೆರೇನ್, ಎಂಟಿ ಎಂದರೆ ಮಡ್ ಟೆರೇನ್. ಒಂದೇ ಹೆಸರಿನಲ್ಲಿ ಎಲ್ಲವೂ ಬರುತ್ತವೆ ಎಂಬುದನ್ನು ಗಮನಿಸಬೇಕು. ಯೊಕೊಹಾಮಾದ ಜಿಯೋಲ್ಯಾಂಡರ್‌ನಲ್ಲಿ ಮೂರೂ ಇವೆ, ಅಪೋಲೋದ ಆಪ್ಟೆರಾದಲ್ಲಿ ಎಚ್‌ಟಿಯೂ ಇದೆ ಎಟಿಯೂ ಇದೆ. 'ಜಿಯೋಲ್ಯಾಂಡರ್ ಕೊಡಿ' ಎಂದರೆ ಅರ್ಧ ಮಾತು ಆಡಿದಂತೆ, ಬಾಲದ ಎರಡಕ್ಷರ ಹೇಳಲೇಬೇಕು. ನಮ್ಮ ಕಡೆ ಹಳೆಯ ಜೀಪಿನವರು ಹೇಳುವ 'ಬಟನ್ ಟೈರ್' ಎಂಬ ಮಾತು ಎಟಿಗೂ ಎಂಟಿಗೂ ಸೇರಿ ಓಡುತ್ತದೆ, ಅದನ್ನು ನಂಬಿ ಆರ್ಡರ್ ಕೊಡಬೇಡಿ. ಸೈಡ್‌ವಾಲ್ ಮೇಲೆ ಎಂ ಪ್ಲಸ್ ಎಸ್ ಎಂಬ ಗುರುತಿದ್ದರೆ ಕೆಸರಿನಲ್ಲಿ ಪರೀಕ್ಷೆ ಪಾಸಾದದ್ದು ಎಂದುಕೊಳ್ಳುವವರೂ ಇದ್ದಾರೆ. ಅದು ಹಲ್ಲಿನ ವಿನ್ಯಾಸ ನೋಡಿ ತಯಾರಕರೇ ಒತ್ತುವ ಗುರುತು, ಎಷ್ಟೋ ಸಾಧಾರಣ ರಸ್ತೆ ಟೈರಿನ ಮೇಲೂ ಇರುತ್ತದೆ.

ಎಟಿ ಎಂಬುದು ರಾಜಿ. ಎರಡು ಎಟಿಗಳ ನಡುವೆಯೇ ಅಜಗಜಾಂತರ ಇರಬಹುದು. ಒಂದು ಎಚ್‌ಟಿಯ ತಮ್ಮನಂತಿರುತ್ತದೆ, ಇನ್ನೊಂದು ಎಂಟಿಯ ಅಣ್ಣನಂತೆ. ಇಬ್ಬರ ನಡುವೆ ಆರಿಸಲು ನನ್ನದೊಂದು ಸರಳ ಉಪಾಯ: ಟೈರಿನ ನಡುಭಾಗ ನೋಡುವುದು. ಅಲ್ಲಿ ಹಲ್ಲುಗಳು ಒಂದಕ್ಕೊಂದು ಒತ್ತಾಗಿ, ಪ್ರತಿಯೊಂದರ ಮೇಲೂ ಮೂರು ನಾಲ್ಕು ಸೈಪ್ ಇದ್ದು, ಹೆಗಲಿನ ಕಡೆ ಮಾತ್ರ ಸಂದು ಅಗಲವಾಗಿದ್ದರೆ ಅದು ದಿನನಿತ್ಯದ ಗಾಡಿಗೆ ಹೊಂದುತ್ತದೆ. ಸೈಪ್ ಎಷ್ಟು ಆಳಕ್ಕೆ ಹೋಗಿದೆ ಎಂದು ಉಗುರು ತೂರಿಸಿ ನೋಡಿ. ಮೇಲುಮೇಲಿನ ಗೀರಾಗಿದ್ದರೆ ಟೈರ್ ಅರ್ಧ ಸವೆಯುವಷ್ಟರಲ್ಲಿ ಸೀಳು ಮಾಯ, ಮಳೆಯ ಹಿಡಿತವೂ ಮಾಯ.

ಮಣ್ಣು ಅಂದರೆ ಎಲ್ಲ ಕಡೆ ಒಂದೇ ಮಣ್ಣಲ್ಲ. ಮಲೆನಾಡಿನ ತೋಟದ ದಾರಿಯಲ್ಲಿ ಬಹುಮಟ್ಟಿಗೆ ಕೆಳಗೆ ಗಟ್ಟಿ ಮೊರಂ ಇರುತ್ತದೆ, ಮೇಲೆ ಒಂದೆರಡು ಅಂಗುಲ ಜಾರುವ ಕೆಂಪು ಕೆಸರು. ಇಲ್ಲಿ ಟೈರು ಆ ಪದರವನ್ನು ಸೀಳಿ ತಳ ಮುಟ್ಟಬೇಕು. ಅದಕ್ಕೆ ಬೇಕಾದದ್ದು ಅಗಲವಲ್ಲ, ಕಿರಿದು. ಹಳೆಯ ವಿಲ್ಲೀಸ್ ಜೀಪುಗಳು 6.00-16 ಅಳತೆಯ, ಈಗಿನ ಕಣ್ಣಿಗೆ ಸೈಕಲ್ ಟೈರಿನಂತೆ ಕಾಣುವ ಟೈರು ಹಾಕಿಕೊಂಡು ಈ ದಾರಿಗಳನ್ನು ಹತ್ತುತ್ತಿದ್ದದ್ದು ಸುಮ್ಮನೆ ಅಲ್ಲ. ಮಳೆ ಜೋರಾದಾಗ ಅವರು ಮಾಡುತ್ತಿದ್ದದ್ದು ಟೈರಿಗೆ ಕಬ್ಬಿಣದ ಚೈನ್ ಸುತ್ತುವುದು. ಆ ಚೈನು ಕೆಸರಿನಲ್ಲಿ ಯಾವ ಎಂಟಿಗೂ ಕಡಿಮೆಯಿಲ್ಲ, ಡಾಂಬರು ಬಂದಾಗ ಬಿಚ್ಚಿ ಹಿಂದೆ ಎಸೆಯಬಹುದು ಎಂಬ ಲಾಭ ಬೇರೆ. ವರ್ಷಕ್ಕೆ ಹದಿನೈದು ದಿನ ಮಾತ್ರ ಕಷ್ಟಪಡುವವರು ಈಗಲೂ ಇದನ್ನು ಯೋಚಿಸಬಹುದು.

ತೋಟದ ಏರಿನಲ್ಲಿ ಚಕ್ರದ ಅಗಲಕ್ಕೆ ಸಿಮೆಂಟ್ ಪಟ್ಟಿ ಹಾಕಿಸಿರುತ್ತೇವೆ. ಆಗಸ್ಟ್ ಹೊತ್ತಿಗೆ ಅದರ ಮೇಲೆ ಹಸಿರು ಪಾಚಿ. ಈ ಪಾಚಿಯ ಮೇಲೆ ಎಂಟಿಯಷ್ಟು ನಿರುಪಯೋಗಿ ಟೈರ್ ಇನ್ನೊಂದಿಲ್ಲ. ಇಳಿಯಲು ಮಣ್ಣಿಲ್ಲ, ಒರೆಸಲು ಸೈಪಿಲ್ಲ. ಕೆಸರನ್ನು ದಾಟಿ ಬಂದ ಗಾಡಿ ತನ್ನ ಮನೆಯ ಮುಂದಿನ ಸಿಮೆಂಟಿನ ಮೇಲೆ ಹಿಂದಕ್ಕೆ ಜಾರುವುದನ್ನು ನೋಡಬೇಕು! ಹೊಳೆಯ ಹಸಿ ಬಂಡೆಯ ಮೇಲೂ ಇದೇ ಗತಿ.

ಗದಗ, ವಿಜಯಪುರದ ಎರೆಭೂಮಿ ಬೇರೆಯೇ ಪಾಠ ಹೇಳುತ್ತದೆ. ನೆನೆದ ಎರೆಮಣ್ಣು ಅಂಟು. ಚಕ್ರ ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಸಂದುಗಳೆಲ್ಲ ತುಂಬಿ ಟೈರು ಮುದ್ದೆಯಂತೆ ನುಣ್ಣಗಾಗುತ್ತದೆ, ಮಡ್‌ಗಾರ್ಡ್ ಒಳಗೂ ಮೆತ್ತಿ ಚಕ್ರವೇ ತಿರುಗದಂತಾಗಬಹುದು. ಎಂಟಿ ಇಲ್ಲಿ ಸ್ವಲ್ಪ ಹೆಚ್ಚು ದೂರ ಹೋಗಿ ಹೂಳುತ್ತದೆ, ಅಷ್ಟೇ ವ್ಯತ್ಯಾಸ. ಆ ನೆಲದವರಿಗೆ ಇದು ಗೊತ್ತು, ಒಣಗುವವರೆಗೆ ಗಾಡಿ ಇಳಿಸುವುದಿಲ್ಲ. ಕರಾವಳಿಯ ಮುರಕಲ್ಲಿನ ಗುಡ್ಡದಲ್ಲಿ ಹಲ್ಲಿಗಿಂತ ಸೈಡ್‌ವಾಲ್ ಗಟ್ಟಿಯಿರಬೇಕು, ಯಾಕೆಂದರೆ ಚೂಪು ಅಂಚು ಪಕ್ಕದಿಂದ ಕುಯ್ಯುತ್ತದೆ. ತೋಟದಲ್ಲಿ ಕಡಿದ ಗಿಡದ ಮೋಟುಗಳೂ ಇದೇ ಕೆಲಸ ಮಾಡುತ್ತವೆ. ನೆಲಕ್ಕೆ ತಾಗುವ ಭಾಗಕ್ಕೆ ಮೊಳೆ ಹೊಕ್ಕರೆ ಪಂಕ್ಚರ್ ಅಂಗಡಿಯಲ್ಲಿ ಮುಗಿಯುತ್ತದೆ, ಸೈಡ್‌ವಾಲ್ ಹರಿದರೆ ಟೈರೇ ಹೋದಂತೆ. ಅಲ್ಲಿಗೆ ತೇಪೆ ಹಾಕಿಕೊಡುತ್ತೇನೆ ಎನ್ನುವವರ ಮಾತು ಕೇಳಬೇಡಿ. ಮರಳಿನ ವಿಷಯ ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತೇನೆ: ದೊಡ್ಡ ಹಲ್ಲು ಅಲ್ಲಿ ಗುಂಡಿ ತೋಡುತ್ತದೆ, ಗಾಳಿ ಇಳಿಸಿದ ನುಣುಪು ಟೈರು ತೇಲಿ ಹೋಗುತ್ತದೆ.

ಇನ್ನು ಅಳತೆ. ಜಿಮ್ನಿಗೆ ಕಂಪನಿ ಕೊಡುವುದು 195/80 ಆರ್15. ಅಂದರೆ 195 ಮಿ.ಮೀ. ಅಗಲ, ಎತ್ತರ ಅದರ ಶೇಕಡ 80, 15 ಅಂಗುಲದ ಡಿಸ್ಕು. ಆರ್ ಎಂದರೆ ರೇಡಿಯಲ್. ಒಂದು ಪಕ್ಕದ ಎತ್ತರ 156 ಮಿ.ಮೀ., ಎರಡು ಪಕ್ಕ 312, ಡಿಸ್ಕಿನ 381 ಸೇರಿದರೆ ಚಕ್ರದ ಒಟ್ಟು ಎತ್ತರ 693 ಮಿ.ಮೀ. ಇದೇ ಡಿಸ್ಕಿಗೆ 215/75 ಆರ್15 ಹಾಕಿದರೆ ಸುಮಾರು 704. ಹೆಚ್ಚಿದ್ದು ಶೇಕಡ ಒಂದೂವರೆ, ಗಾಡಿಗೆ ಅದು ಗೊತ್ತೂ ಆಗುವುದಿಲ್ಲ. 235/75 ಆರ್15ಕ್ಕೆ ಹೋದರೆ ಸುಮಾರು 734, ಶೇಕಡ ಆರರ ಹತ್ತಿರ. ಆಗ ಸ್ಪೀಡೋಮೀಟರಿನ ಮುಳ್ಳು ಮೊದಲಿಗಿಂತ ಕಡಿಮೆ ತೋರಿಸತೊಡಗುತ್ತದೆ, ಗೇರು ಮೇಲಾದಂತೆ ಎಂಜಿನ್ ಏರಿನಲ್ಲಿ ಒದ್ದಾಡುತ್ತದೆ, ಬ್ರೇಕಿಗೆ ಭಾರ ಹೆಚ್ಚುತ್ತದೆ, ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜಲೂಬಹುದು. ಇಷ್ಟೆಲ್ಲ ಮಾಡಿ ಆಕ್ಸಲ್ ಅಡಿಯಲ್ಲಿ ಸಿಗುವ ಹೆಚ್ಚುವರಿ ಜಾಗ, ಹೆಚ್ಚಿದ ಎತ್ತರದ ಅರ್ಧ, ಎರಡು ಸೆಂಟಿಮೀಟರ್. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಗಾಡಿಯನ್ನು ತಯಾರಕರ ವಿವರಕ್ಕೆ ಹೊರತಾಗಿ ಬದಲಾಯಿಸುವುದನ್ನು ತಡೆಯುತ್ತದೆ. ದೊಡ್ಡ ಟೈರು ಅಪಘಾತದ ನಂತರ ವಿಮೆಯವರ ಜೊತೆ ವಾದಕ್ಕೆ ದಾರಿ ಮಾಡಿಕೊಡಬಹುದು. ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಎಟಿ ಸಿಕ್ಕರೆ ಅದೇ ಮೇಲು.

215/75 ಆರ್15 ಬೊಲೆರೊದ ಅಳತೆಯೂ ಹೌದು. ಆದ್ದರಿಂದ ಅದು ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಇರುತ್ತದೆ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಊರು ದೂರ ಇರುವವರಿಗೆ ಬಹಳ ಮುಖ್ಯ. ಶನಿವಾರ ಸಂಜೆ ಒಂದು ಟೈರ್ ಹರಿದರೆ ಬೆಂಗಳೂರಿನಿಂದ ತರಿಸಿಕೊಳ್ಳಬೇಕಾದ ಅಪರೂಪದ ಅಳತೆಯಿಂದ ಏನು ಪ್ರಯೋಜನ?

ಅಳತೆಯ ಪಕ್ಕ ಒಂದು ಅಂಕಿ, ಒಂದು ಅಕ್ಷರ ಇರುತ್ತವೆ. ಜಿಮ್ನಿಯ ಟೈರಿನಲ್ಲಿ ಅದು 96 ಎಸ್. 96 ಎಂದರೆ ಒಂದು ಟೈರ್ ಹೊರಬಲ್ಲದ್ದು 710 ಕಿಲೋ, ಎಸ್ ಎಂದರೆ ಗಂಟೆಗೆ 180 ಕಿ.ಮೀ. ವರೆಗೆ. ಹೊಸ ಟೈರಿನ ಭಾರದ ಅಂಕಿ ಹಳೆಯದಕ್ಕಿಂತ ಕಡಿಮೆಯಾಗಕೂಡದು. ಅಕ್ಷರ ಕೆಲವು ಎಟಿ, ಎಂಟಿಗಳಲ್ಲಿ ಕ್ಯೂಗೆ ಇಳಿಯುತ್ತದೆ, ಅದರ ಮಿತಿ 160. ಕೆಲವದರಲ್ಲಿ ಅಳತೆಯ ಮುಂದೆ ಎಲ್‌ಟಿ ಎಂದಿರುತ್ತದೆ. ಇದು ಹಗುರ ಟ್ರಕ್ಕಿಗೆಂದು ಮಾಡಿದ್ದು, ಒಳಪದರ ಹೆಚ್ಚು, ಸೈಡ್‌ವಾಲ್ ದಪ್ಪ, ತೂಕವೂ ಹೆಚ್ಚು. ಅದೇ ಭಾರ ಹೊರಲು ಅದಕ್ಕೆ ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಕು. ಪಿಕಪ್‌ನಲ್ಲಿ ಮೆಣಸು, ಕಾಫಿ ಮೂಟೆ ಹೊರುವವರಿಗೆ ಸರಿ. ಹಗುರ ಗಾಡಿಗೆ ಹಾಕಿದರೆ ಹಳ್ಳ ದಿಣ್ಣೆಯ ಪೆಟ್ಟೆಲ್ಲ ಬೆನ್ನಿಗೇ.

ಪಿಕಪ್ ಅಂದದ್ದಕ್ಕೆ ನೆನಪಾಯಿತು. ಹಿಂದಿನ ಎರಡೇ ಚಕ್ರ ಎಳೆಯುವ ಖಾಲಿ ಪಿಕಪ್ ಹಸಿ ಏರಿನಲ್ಲಿ ಸುತ್ತುತ್ತಾ ನಿಂತರೆ ಟೈರನ್ನು ಬೈದು ಫಲವಿಲ್ಲ, ಹಿಂದೆ ಭಾರವಿಲ್ಲದ್ದೇ ಕಾರಣ. ನಾಲ್ಕು ಮೂಟೆ ಮರಳು ಹಾಕಿಕೊಂಡು ನೋಡಿ. ಹಾಗೆಯೇ ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತಾ ಉಳಿದದ್ದು ಸುಮ್ಮನಿದ್ದರೆ ಅದು ಡಿಫರೆನ್ಷಿಯಲ್ ಸಮಸ್ಯೆ, ಅದಕ್ಕೆ ಎಂಟಿ ಮದ್ದಲ್ಲ.

ಕೊಳ್ಳುವಾಗ ತಾರೀಖು ನೋಡಿ. ಸೈಡ್‌ವಾಲಿನಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಎಟಿ, ಎಂಟಿ ನಿಧಾನ ಖರ್ಚಾಗುವ ಮಾಲು, ಗೋಡೌನಿನಲ್ಲಿ ಎರಡು ಮೂರು ವರ್ಷ ಕೂತದ್ದು 'ಹೊಸದು' ಎಂದು ಕೈಸೇರಬಹುದು. ರಬ್ಬರು ಓಡದೆಯೂ ಗಟ್ಟಿಯಾಗುತ್ತದೆ.

ಫೋರ್‌ವೀಲ್ ಡ್ರೈವ್ ಗಾಡಿಗೆ ನಾಲ್ಕೂ ಒಂದೇ ಮಾಡೆಲ್, ಒಂದೇ ಸವೆತ ಇರಬೇಕು. ಮುಂದೆ ಹೊಸದು, ಹಿಂದೆ ಸವೆದದ್ದು ಇದ್ದರೆ ಎರಡರ ಸುತ್ತಳತೆ ಬೇರೆ. ಫೋರ್‌ವೀಲ್ ಹಾಕಿದಾಗ ಎರಡೂ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು, ಗಟ್ಟಿ ನೆಲದಲ್ಲಿ ಆ ವ್ಯತ್ಯಾಸ ಗೇರ್‌ಬಾಕ್ಸಿನ ಮೇಲೆ ಬೀಳುತ್ತದೆ. ಹಾಗಾಗಿ ನಾನು ಐದು ಟೈರ್ ಕೊಂಡೆ, ಸ್ಟೆಪ್ನಿಯನ್ನೂ ಸೇರಿಸಿ ಎಂಟು ಸಾವಿರ ಕಿ.ಮೀ.ಗೊಮ್ಮೆ ಜಾಗ ಬದಲಿಸುತ್ತೇನೆ. ಬದಲಿಸದಿದ್ದರೆ ಎಟಿಯ ಹಲ್ಲು ಒಂದು ಅಂಚು ಎತ್ತರ, ಒಂದು ಅಂಚು ತಗ್ಗಾಗಿ ಸವೆಯುತ್ತದೆ. ಅಂಗೈ ಸವರಿದರೆ ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗಸ. ಹೆದ್ದಾರಿಯಲ್ಲಿ ಗುಂಯ್ ಎಂಬ ಸದ್ದು ಶುರುವಾಗುವುದು ಹೀಗೆ. ಬೇರಿಂಗ್ ಹೋಯಿತೆಂದು ಹೆದರಿ ಮೆಕ್ಯಾನಿಕ್ ಹತ್ತಿರ ಓಡುವವರು ಮೊದಲು ಟೈರ್ ಸವರಿ ನೋಡಲಿ. ಸವೆತದ ಮಿತಿ ಕಾನೂನಿನಲ್ಲಿ 1.6 ಮಿ.ಮೀ., ಸಂದಿನ ತಳದಲ್ಲಿರುವ ಸಣ್ಣ ಉಬ್ಬು ತೋರಿಸುವುದು ಅದನ್ನೇ. ಮಲೆನಾಡಿನ ಮಳೆಗೆ ಅದನ್ನು ಕಾಯುವುದು ತಡ. ನಾನು 4 ಮಿ.ಮೀ. ಉಳಿದಾಗ, ಮೇ ತಿಂಗಳಲ್ಲೇ, ಬದಲಿಸುತ್ತೇನೆ.

ನನ್ನ ಮಟ್ಟಿಗೆ ತೀರ್ಪು ಹೀಗಿದೆ. ಮಣ್ಣಿನ ಪಾಲು ಹತ್ತರ ಒಳಗಿದ್ದು ಆ ಮಣ್ಣಿಗೂ ಜಲ್ಲಿ ಹೊಡೆದಿದ್ದರೆ ಎಚ್‌ಟಿ ಸಾಕು, ನಾಚಿಕೆಪಡಬೇಕಿಲ್ಲ. ನಮ್ಮಂತೆ ದಿನಾ ಕೆಸರು ದಾಟಲೇಬೇಕಾದವರಿಗೆ ಸೈಪ್ ಹೆಚ್ಚಿರುವ ಸೌಮ್ಯ ಎಟಿ. ಎಂಟಿ ಬೇಕೆಂದರೆ ಎರಡನೇ ಸೆಟ್ ಡಿಸ್ಕಿನ ಮೇಲೆ ಹಾಕಿ ಷೆಡ್ಡಿನಲ್ಲಿಡಿ.

ಉಳಿದ ಕೊರತೆ ತುಂಬುವುದು ಗಾಳಿ. ಇದಕ್ಕೆ ಖರ್ಚಿಲ್ಲ, ಆದ್ದರಿಂದ ಯಾರೂ ಮಾರುವುದೂ ಇಲ್ಲ. ಮೇಲಿನ ಲೆಕ್ಕಕ್ಕೇ ಬನ್ನಿ. 26 ಪಿಎಸ್‌ಐ ಇದ್ದಾಗ 165 ಚದರ ಸೆಂಟಿಮೀಟರ್ ಇದ್ದ ಹಸ್ತ 16ಕ್ಕೆ ಇಳಿಸಿದರೆ ಸುಮಾರು 265ಕ್ಕೆ ಹಿಗ್ಗುತ್ತದೆ. ಹಿಗ್ಗುವುದು ಹೆಚ್ಚಾಗಿ ಉದ್ದಕ್ಕೆ, ಹಾಗಾಗಿ ಒಂದೇ ಹೊತ್ತಿಗೆ ಹೆಚ್ಚು ಹಲ್ಲು ನೆಲ ಹಿಡಿಯುತ್ತದೆ. ಟೈರು ಮೆತ್ತಗಾಗಿ ಕಲ್ಲು ಬೇರುಗಳನ್ನು ತಬ್ಬಿಕೊಂಡು ಹತ್ತುತ್ತದೆ. ನನ್ನ ಗದ್ದೆ ಬದುವಿನ ಕೆಸರಿಗೆ 18 ಸಾಕು, ಅದಕ್ಕಿಂತ ಕೆಳಗೆ ಹೋದರೆ ಗಟ್ಟಿಯಾಗಿ ತಿರುಗಿಸಿದಾಗ ಟೈರು ಡಿಸ್ಕಿನ ಅಂಚಿನಿಂದ ಕಳಚುವ ಭಯ. ಕಲ್ಲು ಚೂಪಿದ್ದ ಕಡೆ ಇಷ್ಟು ಇಳಿಸುವುದೂ ಬೇಡ, ಉಬ್ಬಿದ ಸೈಡ್‌ವಾಲ್ ಕಲ್ಲಿಗೆ ಸಿಗುತ್ತದೆ. ಗಾಳಿ ಇಳಿಸಿದ ಮೇಲೆ ವೇಗ 20ರ ಆಸುಪಾಸಿನಲ್ಲಿರಲಿ.

ಡಾಂಬರಿಗೆ ಬಂದ ತಕ್ಷಣ ಮತ್ತೆ ತುಂಬಲೇಬೇಕು. ಕಡಿಮೆ ಗಾಳಿಯ ಟೈರು ಪ್ರತಿ ಸುತ್ತಿಗೂ ಬಾಗಿ ಏಳುತ್ತಾ ಕಾಯುತ್ತದೆ, ಹೆದ್ದಾರಿಯ ವೇಗದಲ್ಲಿ ಆ ಕಾವೇ ಅದನ್ನು ಸಿಡಿಸುತ್ತದೆ. ಬ್ಯಾಟರಿಗೆ ನೇರ ಕಚ್ಚಿಸುವ ಒಂದು ಸಣ್ಣ ಕಂಪ್ರೆಸರ್, ನಂಬಬಹುದಾದ ಒಂದು ಗೇಜು ಗಾಡಿಯಲ್ಲೇ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಹೊರಡುವಾಗ ಟೈರು ತಣ್ಣಗಿರುತ್ತದೆ, ಅಳೆಯಲು ಅದೇ ಸರಿಯಾದ ಹೊತ್ತು. ಜಡಿಮಳೆಯ ವಾರಗಳಲ್ಲಿ ಮಾತ್ರ ಈ ಇಳಿಸು ತುಂಬು, ಉಳಿದ ದಿನ ಸೌಮ್ಯ ಎಟಿ ತನ್ನಷ್ಟಕ್ಕೆ ದಾಟುತ್ತದೆ. ನಾಲ್ಕು ಚಕ್ರಕ್ಕೆ ತುಂಬಲು ಹತ್ತು ನಿಮಿಷ ಬೇಕು. ಕಂಪ್ರೆಸರ್ ಸದ್ದಿಗೆ ಗೇಟಿನ ಮನೆಯ ನಾಯಿ ಮೊದಮೊದಲು ಬೊಗಳುತ್ತಿತ್ತು, ಈಗ ಗಾಡಿಯಡಿ ಮಳೆ ತಪ್ಪಿಸಿಕೊಂಡು ಮಲಗುತ್ತದೆ. ಅದನ್ನು ಎಬ್ಬಿಸಲು ಇನ್ನೊಂದು ನಿಮಿಷ.